ಕನ್ನಡದಲ್ಲಿ ಹೆಣ್ಮಕ್ಕಳ ಹಾರರ್ ಇಲ್ಲ ಅಂದವರಿಗೆ

(1/5)
ಅಕ್ಟೋಬರ್ ಬಂತು, ಫೀಡ್ ತುಂಬ 'ಸ್ಪೂಕಿ ಸೀಸನ್' ಲಿಸ್ಟ್‌ಗಳು. ಮೇಣದಬತ್ತಿ, ಕಾಫಿ ಮಗ್, ಪಕ್ಕದಲ್ಲೊಂದು ಇಂಗ್ಲಿಷ್ ಹಾರರ್ ಪುಸ್ತಕ. ನಾನೂ ಹಾಕಿದ್ದೆ, ಸುಳ್ಳು ಹೇಳಲ್ಲ. ಅದರ ಕೆಳಗೆ ನಮ್ಮ ಕ್ಲಾಸಿನವನೊಬ್ಬ ಬರೆದ: "ಕನ್ನಡದಲ್ಲಿ ಹೆಣ್ಮಕ್ಳು ಹಾರರ್ ಬರೆದೇ ಇಲ್ಲ ಬಿಡು." ಹದಿನೇಳು ಲೈಕ್ ಬಿತ್ತು. ಅದರಲ್ಲಿ ಒಂದು ನಂದೇ. ಆ ಲೈಕನ್ನ ಈಗ ವಾಪಸ್ ತಗೊಳ್ತಿದ್ದೀನಿ. ಯಾಕೆ ಅಂತ ಗೊತ್ತಾಗ್ಬೇಕಾದ್ರೆ ಐದೂ ಪೋಸ್ಟ್ ಓದಿ.

(2/5)
ಮೊದಲು ಒಂದು ಪ್ರಶ್ನೆ. ನಮ್ಮ ದೆವ್ವಗಳೆಲ್ಲ ಹೆಂಗಸರೇ ಯಾಕೆ? 90ರ ದಶಕದಲ್ಲಿ ಬೆಂಗಳೂರಿನ ಮನೆ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೀತಿದ್ರು. ಬರ್ತಿದ್ದದ್ದು ಹೆಣ್ಣು ದೆವ್ವ. 2018ರಲ್ಲಿ ಅದೇ ಕಥೆ ಹಿಂದಿಯಲ್ಲಿ 'ಸ್ತ್ರೀ' ಸಿನಿಮಾ ಆಯ್ತು. 2004ರ 'ಆಪ್ತಮಿತ್ರ'ದ ನಾಗವಲ್ಲಿ ಅಂತೂ ನಮ್ಮ ಕಾಲೇಜಲ್ಲಿ ಬೈಗುಳವೇ ಆಗಿದೆ. ಹುಡುಗಿ ಸ್ವಲ್ಪ ಜೋರಾಗಿ ಮಾತಾಡಿದ್ರೆ "ನಾಗವಲ್ಲಿ ಬಂದ್ಳು" ಅಂತೀರ ತಾನೇ? ಹೆದರಿಸೋಕೆ ಹೆಣ್ಣು ಬೇಕು. ಆದರೆ ಅವಳು ಯಾಕೆ ಹಾಗಾದಳು ಅಂತ ಅವಳೇ ಹೇಳಿದ್ರೆ ಅದು ಹಾರರ್ ಅಲ್ಲ, 'ಮಹಿಳಾ ಕಾದಂಬರಿ'.

(3/5)
ಉದಾಹರಣೆ ಕೊಡ್ತೀನಿ. ಷಾರ್ಲೆಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ 'ದಿ ಯೆಲ್ಲೋ ವಾಲ್‌ಪೇಪರ್' ಅನ್ನೋ ಕಥೆ ಪ್ರಕಟಿಸಿದ್ರು. ಮಗು ಆದಮೇಲೆ ಮನಸ್ಸು ಕುಗ್ಗಿದವಳನ್ನ ಡಾಕ್ಟರ್ ಗಂಡ ರೆಸ್ಟ್ ಅಂತ ಒಂದು ರೂಮಲ್ಲಿ ಇಡ್ತಾನೆ. ಅವಳಿಗೆ ಗೋಡೆಯ ಕಾಗದದೊಳಗೆ ಇನ್ನೊಬ್ಬ ಹೆಂಗಸು ಕಾಣೋಕೆ ಶುರುವಾಗುತ್ತೆ. ಎಲ್ಲ ಹಾರರ್ ಲಿಸ್ಟಲ್ಲೂ ಇದು ಇರುತ್ತೆ, ಇರಲೇಬೇಕು.

ಈಗ ತ್ರಿವೇಣಿಯವರ 'ಶರಪಂಜರ' ತಗೊಳ್ಳಿ. ಬಾಣಂತನದಲ್ಲಿ ಕಾವೇರಿಯ ಮನಸ್ಸು ಕೆಡುತ್ತೆ. ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರ್ತಾಳೆ. ಆದರೆ ಮನೆಯವರ ಕಣ್ಣಲ್ಲಿ ಅವಳು ಹುಚ್ಚಿಯಾಗೇ ಉಳೀತಾಳೆ. ನಿಮ್ಮದೇ ಮನೆ, ನಿಮ್ಮದೇ ಗಂಡ, ನಿಮ್ಮದೇ ಮಕ್ಕಳು, ಎಲ್ಲರೂ ನಿಮ್ಮನ್ನ ನೋಡಿ ಹೆದರ್ತಾರೆ. ಇದಕ್ಕಿಂತ ಭಯ ಏನಿದೆ ಹೇಳಿ? ಬರೆದವರು ಮನಶ್ಶಾಸ್ತ್ರ ಓದಿದ್ದವರು, 1963ರಲ್ಲಿ 34ನೇ ವಯಸ್ಸಿಗೇ ತೀರಿಕೊಂಡ್ರು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ್ರು. ಅದರಲ್ಲಿನ ಕಲ್ಪನಾ ಅಭಿನಯವನ್ನ ನಾವು ಇವತ್ತೂ ಮಿಮಿಕ್ರಿ ಮಾಡಿ ನಗ್ತೀವಿ. ಕಥೆಯಲ್ಲಿ ಆ ಮನೆಯವರು ಮಾಡಿದ್ದನ್ನೇ ನಾವೂ ಮಾಡ್ತಿದ್ದೀವಿ.

ಬೀಕಾಂನೋರಿಗೆ ಅರ್ಥ ಆಗೋ ಹಾಗೆ ಹೇಳ್ಬೇಕಂದ್ರೆ: ಎಂಟ್ರಿ ಇದೆ, ತಪ್ಪು ಲೆಡ್ಜರ್‌ನಲ್ಲಿದೆ.

(4/5)
"ಸರಿ, ಜಾನಪದ?" ಅಂತೀರ. ಎ.ಕೆ. ರಾಮಾನುಜನ್ ನಮ್ಮ ಕಡೆಯ ಒಂದು ಕಥೆ ಸಂಗ್ರಹಿಸಿದ್ರು. ಹುಡುಗಿಯೊಬ್ಬಳು ಹೂವಿನ ಮರ ಆಗ್ತಾಳೆ. ನಾದಿನಿ ಮತ್ತು ಅವಳ ಗೆಳತಿಯರು ಆಸೆಗೆ ಕೊಂಬೆ ಮುರೀತಾರೆ. ವಾಪಸ್ ಮನುಷ್ಯಳಾದಾಗ ಅವಳಿಗೆ ಕೈಕಾಲೇ ಇಲ್ಲ. ಮಕ್ಕಳ ಕಥೆ ಅಂತೆ ಇದು! ರಾಮಾನುಜನ್ ಇದನ್ನ 'ಹೆಂಗಸರ ಕಥೆ' ಅಂತಲೇ ಕರೆದ್ರು. ಕಾರ್ನಾಡರು ಇದರ ಮೇಲೆ 'ಚೆಲುವಿ' ಸಿನಿಮಾ ಮಾಡಿದ್ರು. ಇಬ್ಬರ ಬಗ್ಗೆಯೂ ಗೌರವ ಇದೆ. ಆದರೆ ನಮಗೆ ಅವರಿಬ್ಬರ ಹೆಸರು ಮಾತ್ರ ಗೊತ್ತು. ಅಡುಗೆಮನೆಯಲ್ಲಿ ಕೂತು ಇಂಥ ಕಥೆ ಹೇಳ್ತಾ ಬಂದ ಹೆಂಗಸರಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ.

(5/5)
ನಮ್ಮಜ್ಜಿಯೂ ಒಂದು ಕಥೆ ಹೇಳ್ತಿದ್ರು. "ಒಬ್ಳು ಬಾಣಂತಿ ಇದ್ಳಂತೆ, ರಾತ್ರಿಯೆಲ್ಲ ನಿದ್ದೆ ಇಲ್ಲ, ಬರೀ ಅಳು. ದೆವ್ವ ಮೆಟ್ಕೊಂಡಿದೆ ಅಂತ ಬೇವಿನ ಸೊಪ್ಪಲ್ಲಿ ಹೊಡೆದ್ರಂತೆ." ಬಸವೇಶ್ವರನಗರದ ಮನೆಯಲ್ಲಿ ಕರೆಂಟ್ ಹೋದಾಗೆಲ್ಲ ಇದೇ ಕಥೆ. ನಾವು ಕಿರುಚಿಕೊಂಡು ಹೊದಿಕೆ ಒಳಗೆ ಹೋಗ್ತಿದ್ವಿ. ಹೋದ ವರ್ಷ ಮಹಾಲಯ ಅಮಾವಾಸ್ಯೆ ದಿನ ಹಿರಿಯರಿಗೆ ಎಡೆ ಇಡುವಾಗ ಕೇಳಿದೆ: "ಅಜ್ಜಿ, ಆಮೇಲೆ ಅವಳೇನಾದ್ಳು?" ಅಜ್ಜಿ ವಡೆ ತಟ್ತಾ ಅಂದ್ರು: "ಏನಾಗ್ತಾಳೆ? ನಿಮಗೆ ವಡೆ ಮಾಡ್ತಾವ್ಳೆ."

ಅವತ್ತಿಂದ ನನಗೆ 'ನಾಗವಲ್ಲಿ' ಜೋಕಿಗೆ ನಗು ಬರ್ತಿಲ್ಲ.

ಅದಕ್ಕೇ ಹೇಳ್ತಿದ್ದೀನಿ. ಇಂಗ್ಲಿಷ್ ಲಿಸ್ಟ್ ಬಿಡಿ ಅಂತ ಅಲ್ಲ, ಓದಿ. ಆದರೆ ಈ ದಸರಾ ರಜೆಯಲ್ಲಿ 'ಶರಪಂಜರ'ವನ್ನೂ ಹಾರರ್ ಅಂತಲೇ ಓದಿ. ಆಮೇಲೆ ಅವರದೇ 'ಬೆಕ್ಕಿನ ಕಣ್ಣು' ಓದಿ. ಹೊಸದು ಕೊಳ್ಳೋಕೆ ದುಡ್ಡಿಲ್ವಾ? ಹಂಪಿನಗರದಲ್ಲಿ ಸರ್ಕಾರಿ ಗ್ರಂಥಾಲಯ ಇದೆ, ವಿಜಯನಗರ ಮೆಟ್ರೋಗೆ ಹತ್ತಿರ, ಹೋಗಿ ಕೇಳಿ. ಮತ್ತೆ ಮನೆಯಲ್ಲಿ ಅಜ್ಜಿ ಇದ್ರೆ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಕೆಳಗೆ ಅವರ ಹೆಸರು ಬರೀರಿ. "ಆಮೇಲೆ ಅವಳೇನಾದ್ಳು" ಅಂತ ಕೇಳೋದು ಮಾತ್ರ ಮರೀಬೇಡಿ.

ಅಂದಹಾಗೆ, ಆ ಕಾಮೆಂಟ್ ಹಾಕಿದವನೇ, ನಿನ್ನನ್ನ ಟ್ಯಾಗ್ ಮಾಡಲ್ಲ. ನನ್ನ ಪುಸ್ತಕ ಕೊಡ್ತೀನಿ, ಓದಿ ವಾಪಸ್ ಕೊಡು. ಪುಟ ಮಡಚಬೇಡ.

#ಆಮೇಲೆಅವಳೇನಾದ್ಳು #ಕನ್ನಡಓದು