ನರದ ಮಾತ್ರೆ ಕೇಳುವ ಮೊದಲು

ಸಂಜೆ ಹೊತ್ತು ಯಾವ ಊರಿನ ಮೆಡಿಕಲ್ ಶಾಪಿನ ಮುಂದೆಯಾದರೂ ಸ್ವಲ್ಪ ಹೊತ್ತು ನಿಂತುಕೊಳ್ಳಿ, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ತುಂಬಾ ಸುಸ್ತು, ಕಾಲು ಜುಮ್ ಅನ್ನುತ್ತೆ, ಒಂದು ನರದ ಮಾತ್ರೆ ಕೊಡಿ." ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಆ ಕೌಂಟರಿನ ಈಚೆ ನಿಂತಿರುವ ನಿಮ್ಮಲ್ಲಿ ನನ್ನದೊಂದು ಕೋರಿಕೆ. ಆ ಮಾತ್ರೆಯನ್ನು ನಾನು ಹೀಗಳೆಯುತ್ತಿಲ್ಲ. ನಮ್ಮಲ್ಲಿ ಎಷ್ಟೋ ಮಂದಿಗೆ ಅದು ಬೇಕೇ ಬೇಕು. ಆದರೆ ಮೊದಲು ರಕ್ತ ಕೊಟ್ಟು, ಆ ಮಾತ್ರೆಯಲ್ಲಿರುವ ಬಿ12 ವಿಟಮಿನ್ ನಿಮ್ಮಲ್ಲಿ ಎಷ್ಟಿದೆ ಎಂದು ನೋಡಿಸಿ. ಮಾತ್ರೆ ಶುರು ಮಾಡಿದ ಮೇಲೆ ನೋಡಿಸಿದರೆ ರಕ್ತದಲ್ಲಿ ಅಂಕಿ ಏರಿರುತ್ತದೆ. ಮೊದಲು ಕೊರತೆ ಇತ್ತೇ, ಎಷ್ಟಿತ್ತು ಎಂಬುದು ವೈದ್ಯರಿಗೂ ತಿಳಿಯುವುದಿಲ್ಲ.

ಬಿ12 ಅನ್ನು ಯಾವ ಗಿಡವೂ ತಯಾರಿಸುವುದಿಲ್ಲ. ಬ್ಯಾಕ್ಟೀರಿಯಾ ತಯಾರಿಸಿದ್ದು ಮಾಂಸ, ಮೀನು, ಮೊಟ್ಟೆ, ಹಾಲಿನ ಮೂಲಕ ನಮಗೆ ಸಿಗುತ್ತದೆ. ದಿನಕ್ಕೆ ಬೇಕಾದದ್ದು ಎರಡು, ಎರಡೂವರೆ ಮೈಕ್ರೋಗ್ರಾಂ. ಸೊಪ್ಪು, ಬೇಳೆ, ರಾಗಿ ಎಷ್ಟೇ ಒಳ್ಳೆಯದಾದರೂ ಈ ಲೆಕ್ಕಕ್ಕೆ ಬರುವುದಿಲ್ಲ. ಹುಳಿ ಬಂದ ಇಡ್ಲಿ ಹಿಟ್ಟಿನಲ್ಲಿದೆ, ಸ್ಪಿರುಲಿನಾದಲ್ಲಿದೆ ಎನ್ನುವವರಿದ್ದಾರೆ. ಅವನ್ನು ನಂಬಿ ಕೂರಬೇಡಿ. ಸಸ್ಯಾಹಾರಿಗಳ ಮನೆಯಲ್ಲಿ ಉಳಿಯುವುದು ಹಾಲು ಮೊಸರು. ಅದಾದರೂ ಎಷ್ಟು? ಎರಡು ಹೊತ್ತಿನ ಕಾಫಿಗೆ ಬೆರೆಸಿದ ಹಾಲು, ರಾತ್ರಿ ಅನ್ನಕ್ಕೆ ನೀರು ಮಜ್ಜಿಗೆ. ಗಟ್ಟಿ ಮೊಸರು ಮಕ್ಕಳಿಗೆ, ಗಂಡಸರಿಗೆ ಬಡಿಸಿ, ತಳದಲ್ಲಿ ಉಳಿದದ್ದಕ್ಕೆ ನೀರು ಹಾಕಿಕೊಳ್ಳುವ ತಾಯಂದಿರು ಈಗಲೂ ಇದ್ದಾರೆ. ಹಬ್ಬಕ್ಕೊಮ್ಮೆ ಕೋಳಿ ಕುಯ್ಯುವ ಮನೆಯವರೂ ನಮಗೇನು ಎಂದು ನಿಶ್ಚಿಂತೆಯಾಗಿರುವಂತಿಲ್ಲ.

ಪಡಿತರ ಅಕ್ಕಿಯಲ್ಲಿ ಬೇರೆ ಥರ ಕಂಡ ಕಾಳನ್ನು 'ಪ್ಲಾಸ್ಟಿಕ್ ಅಕ್ಕಿ' ಎಂದು ಆರಿಸಿ ಎಸೆಯುವವರಿಗೂ ಒಂದು ಮಾತು. ಅದು ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಒತ್ತಿದ ಸಾರವರ್ಧಿತ ಕಾಳು, ಎಸೆಯಬೇಡಿ. ಆದರೆ ಅಂಥ ಅಕ್ಕಿ ಒಂದು ಕಿಲೋದಲ್ಲಿ ಇರಬೇಕೆಂದು ನಿಯಮ ಹೇಳುವ ಬಿ12 ಸುಮಾರು ಒಂದು ಮೈಕ್ರೋಗ್ರಾಂ ಅಷ್ಟೇ. ಕೊರತೆ ಆಗಲೇ ಬಂದವರಿಗೆ ಅದು ಸಾಲದು.

ಈ ವಿಟಮಿನ್ ಯಕೃತ್ತಿನಲ್ಲಿ ವರ್ಷಗಟ್ಟಲೆ ದಾಸ್ತಾನಿರುತ್ತದೆ. ಹಾಗಾಗಿ ಕೊರತೆ ಒಂದು ದಿನಕ್ಕೆ ಎದ್ದು ಕಾಣುವುದಿಲ್ಲ, ವಯಸ್ಸಾಯಿತು ಎಂಬ ಮಾತಿನಡಿ ಅಡಗಿಕೊಳ್ಳುತ್ತದೆ. ನಿಮ್ಮ ಮನೆಯ ಹಿರಿಯರನ್ನು ಗಮನಿಸಿ. ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿದರೂ ಅವರಿಗೆ ತಿಳಿಯುವುದಿಲ್ಲವೇ? ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದೊಡನೆ ತೂರಾಡಿ ಗೋಡೆ ಹಿಡಿಯುತ್ತಾರೆಯೇ? ಪಾದ ಎಲ್ಲಿದೆ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ನರಗಳು ಸೋತಾಗ ಕಣ್ಣೇ ಆ ಕೆಲಸ ಮಾಡುತ್ತಿರುತ್ತದೆ. ಕಣ್ಣು ಮುಚ್ಚಿದರೆ ಆಸರೆ ತಪ್ಪುತ್ತದೆ. ನಾಲಿಗೆ ಕೆಂಪಗೆ ನುಣ್ಣಗಾಗುವುದು, ಮರೆವು, ಕಾರಣವಿಲ್ಲದ ಸಿಡುಕು ಕೂಡ ಇದರ ಜತೆ ಬರಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್, ಕುಡಿತ, ಬೆನ್ನುಮೂಳೆಯ ತೊಂದರೆಯಿಂದಲೂ ಕಾಲು ಜೋಮು ಹಿಡಿಯುತ್ತದೆ. ಕಾರಣ ಯಾವುದೆಂದು ತಿಳಿಯದೆ ಮಾತ್ರೆ ನುಂಗಬಾರದು ಎನ್ನುವುದು ಅದಕ್ಕೇ.

ಎಳೆಮಕ್ಕಳ ಮಾತು ಇನ್ನೂ ಕಠಿಣ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 1962ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನು ಬರೆದಿದ್ದರು: ಬಿ12 ಕೊರತೆಯಿರುವ ತಾಯಂದಿರ ಎದೆಹಾಲು ಮಾತ್ರ ಕುಡಿಯುತ್ತಿದ್ದ ಕೂಸುಗಳು ಮಂಕಾಗಿ, ಕಲಿತದ್ದನ್ನೂ ಮರೆತು, ಚರ್ಮ ಕಪ್ಪಿಟ್ಟು ಆಸ್ಪತ್ರೆಗೆ ಬರುತ್ತಿದ್ದವು. ಬಸುರಿಯರೇ, ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣ–ಫೋಲಿಕ್ ಆಮ್ಲದ ಮಾತ್ರೆ ಖಂಡಿತ ಬಿಡಬೇಡಿ. ಅದರಲ್ಲಿ ಬಿ12 ಇಲ್ಲ. ನನಗೆ ಅದೂ ಬೇಕೇ ಎಂದು ಬಾಯಿಬಿಟ್ಟು ಕೇಳಿ. ಎದೆಹಾಲಂತೂ ನಿಲ್ಲಿಸಲೇಬಾರದು, ಸರಿಪಡಿಸಬೇಕಾದದ್ದು ತಾಯಿಯ ಕೊರತೆಯನ್ನು.

ಈಗ ಸ್ಟ್ರಿಪ್ಪಿನ ಬೆನ್ನು ತಿರುಗಿಸಿ. ಬೆಳ್ಳಿ ಹಾಳೆಯ ಮೇಲೆ ಇರುವೆ ಸಾಲಿನಂಥ ಅಕ್ಷರ, ಕನ್ನಡವಂತೂ ಸಾಮಾನ್ಯವಾಗಿ ಇರುವುದಿಲ್ಲ. ಮೀಕೋಬಾಲಮಿನ್ 1500 ಮೈಕ್ರೋಗ್ರಾಂ ಎಂದಿದ್ದರೆ ಅದೇ ಬಿ12. ಪಕ್ಕದಲ್ಲಿ ಫೋಲಿಕ್ ಆಮ್ಲ, ಪಿರಿಡಾಕ್ಸಿನ್, ಆಲ್ಫಾ ಲಿಪೋಯಿಕ್ ಆಮ್ಲ, ಬಯೋಟಿನ್ ಹೀಗೆ ಪರಿವಾರವೇ ಇರುತ್ತದೆ. ಬಿ12 ತಕ್ಕಷ್ಟಿಲ್ಲದೆ ಫೋಲಿಕ್ ಆಮ್ಲ ಮಾತ್ರ ಹೆಚ್ಚು ಹೋದರೆ ರಕ್ತಹೀನತೆ ಸುಧಾರಿಸಿದಂತೆ ಕಾಣುತ್ತದೆ, ನರದ ಹಾನಿ ಒಳಗೇ ಮುಂದುವರಿಯುತ್ತದೆ. ಪಿರಿಡಾಕ್ಸಿನ್ ಎಂದರೆ ಬಿ6. ಅದನ್ನು ಬಹಳ ದಿನ ಅತಿಯಾಗಿ ತೆಗೆದುಕೊಂಡವರಿಗೆ ನರವೇ ಹಾಳಾಗಿ ಕಾಲು ಜೋಮು ಹಿಡಿದದ್ದನ್ನು 1983ರಲ್ಲೇ ವೈದ್ಯರು ವರದಿ ಮಾಡಿದ್ದಾರೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ವಯಸ್ಕರಿಗೆ ದಿನಕ್ಕೆ 12 ಮಿಲಿಗ್ರಾಂ ಮಿತಿ ಹಾಕಿತು. ಯಾವ ನೋವಿಗೆಂದು ನುಂಗುತ್ತೇವೋ ಅದನ್ನೇ ತಂದುಕೊಡುವ ಮಾತ್ರೆಯೂ ಇದೆ ಎಂದಾಯಿತು. ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನೇ ಏರುಪೇರು ಮಾಡಬಲ್ಲದು. ರಕ್ತ ಕೊಡುವಾಗ ಅದನ್ನು ತೆಗೆದುಕೊಳ್ಳುತ್ತಿರುವುದಾಗಿ ಹೇಳಿಬಿಡಿ.

ವರದಿಯಲ್ಲಿ ಬಿ12 ಮಿಲಿಲೀಟರಿಗೆ 200 ಪಿಕೋಗ್ರಾಮಿಗಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಕೊರತೆಯೆಂದೇ ಲೆಕ್ಕ. 200ರಿಂದ 300ರ ನಡುವೆ ಬಂದರೆ ಲಕ್ಷಣ ನೋಡಿ, ಬೇಕಾದರೆ ಹೋಮೋಸಿಸ್ಟೀನ್ ಪರೀಕ್ಷೆ ಮಾಡಿಸಿ ವೈದ್ಯರು ನಿರ್ಧರಿಸುತ್ತಾರೆ. ನಡಿಗೆಯೇ ತಪ್ಪುತ್ತಿದ್ದರೆ ಅಂಗಡಿಗೆ ಹೋಗಬೇಡಿ, ಅಂದೇ ವೈದ್ಯರನ್ನು ಕಾಣಿ. ಅವರು ವರದಿಗೂ ಕಾಯದೆ ಸೂಜಿ ಹಾಕಬಹುದು. ಆ ಕೆಂಪು ಔಷಧಿಯ ಸೂಜಿ ಒಂದೆರಡು ಹಾಕಿಸಿಕೊಂಡು, ಸುಸ್ತು ಹೋಯಿತು ಎಂದು ಅರ್ಧಕ್ಕೆ ಬಿಡುವವರು ಬಹಳ. ರಕ್ತ ಬೇಗ ಚೇತರಿಸಿಕೊಳ್ಳುತ್ತದೆ, ನರಕ್ಕೆ ತಿಂಗಳುಗಳು ಹಿಡಿಯುತ್ತವೆ, ತಡವಾಗಿ ಹೋದರೆ ಪೂರ್ತಿ ಸರಿಯಾಗದೆಯೂ ಇರಬಹುದು. ಹೊಟ್ಟೆ ಈ ವಿಟಮಿನ್ ಹೀರಿಕೊಳ್ಳದ ಕಾಯಿಲೆ ಇರುವವರಿಗೆ ಚಿಕಿತ್ಸೆ ಜೀವನಪರ್ಯಂತ. ಇನ್ನು ಬಿ12 ಸಾಕಷ್ಟಿದ್ದೂ 'ಎನರ್ಜಿ'ಗೆಂದು ನುಂಗುವವರಿಗೆ ಅದರಿಂದ ಹೆಚ್ಚಿನ ಕಸುವೇನೂ ಬರುವುದಿಲ್ಲ. ಆ ದುಡ್ಡಿಗೆ ಮೊಟ್ಟೆಯನ್ನೋ ಹಾಲನ್ನೋ ತನ್ನಿ.

ಇವತ್ತೇ ಒಂದು ಕೆಲಸ ಮಾಡಿ. ಅಪ್ಪ ಅಮ್ಮನ ಮಾತ್ರೆ ಡಬ್ಬಿ ತೆಗೆದು ನೋಡಿ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್, 'ಗ್ಯಾಸ್ಟ್ರಿಕ್'ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ವರ್ಷಗಟ್ಟಲೆ ನಡೆಯುತ್ತಿದ್ದರೆ ಇವು ಬಿ12 ಇಳಿಸಬಲ್ಲವು. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಲಕ್ಷಣ ಕಂಡರೆ ಬಿ12 ನೋಡಿ ಎಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲೇ ವೈದ್ಯರಿಗೆ ಸೂಚಿಸಿದೆ. ಹಾಗೆಂದು ನೀವಾಗಿಯೇ ಆ ಮಾತ್ರೆ ನಿಲ್ಲಿಸಬೇಡಿ. ಮುಂದಿನ ಸಲ ಸಕ್ಕರೆ ನೋಡಿಸಲು ರಕ್ತ ಕೊಡುವಾಗ ವೈದ್ಯರ ಚೀಟಿಯಲ್ಲಿ ಬಿ12 ಎಂದೂ ಬರೆಸಿಕೊಳ್ಳಿ. ಒಂದೇ ಸಲ ಸೂಜಿ ಚುಚ್ಚುವುದರಲ್ಲಿ ಎರಡೂ ಆಗುತ್ತವೆ.