ಹಳೆಯ ಮೌಂಟನ್ ಬೈಕೋ, ಹೊಸ ಅಗ್ಗದ ಸೈಕಲ್ಲೋ? ಮುಂಡಗೋಡಿನ ಮಳೆ ಮತ್ತು ಮಣ್ಣು ರಸ್ತೆಗೆ ಯಾವುದು ಸರಿ

ಜೂನ್ ಹತ್ತಿರ ಬಂದಂತೆ ಮಕ್ಕಳಿರುವ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಶಾಲೆಗೋ ಕಾಲೇಜಿಗೋ ಹೋಗಲು ಸೈಕಲ್ ಬೇಕು. ಕೈಯಲ್ಲಿರುವ ದುಡ್ಡು ಕಡಿಮೆ. ಆಗ ಮೊಬೈಲ್‌ಗೆ ಎರಡು ಬಗೆಯ ಸಂದೇಶಗಳು ಬರುತ್ತವೆ. ಒಂದು, "ಹಳೇ ಸೈಕಲ್ಲೇ ತಗೊಳ್ಳಿ, ಆಗಿನ ಕಬ್ಬಿಣವೇ ಬೇರೆ." ಇನ್ನೊಂದು, "ಜಿಎಸ್‌ಟಿ ಇಳಿದಿದೆ, ಈಗ ಅದೇ ದುಡ್ಡಿಗೆ ಗೇರ್, ಡಿಸ್ಕ್ ಬ್ರೇಕ್, ಡಬಲ್ ಸಸ್ಪೆನ್ಷನ್ ಇರುವ ಹೊಸದೇ ಸಿಗುತ್ತೆ."

ಎರಡರಲ್ಲೂ ಅರ್ಧ ಸತ್ಯವಿದೆ. ಉಳಿದರ್ಧವನ್ನು ನಂಬಿದರೆ ಹಣದ ಜೊತೆ ಹಲ್ಲೂ ಹೋಗಬಹುದು. ಹಾಗಾಗಿ ಈ ಮಾತುಗಳನ್ನು ಒಂದೊಂದಾಗಿ ನೋಡೋಣ.

ಮುಂಡಗೋಡಿಗೆ ಇದು ಯಾಕೆ ಮುಖ್ಯ?

ಮುಂಡಗೋಡ ತಾಲ್ಲೂಕು ಮಲೆನಾಡು ಮತ್ತು ಬಯಲುಸೀಮೆ ಕೂಡುವ ಅಂಚಿನಲ್ಲಿದೆ. ಹುಬ್ಬಳ್ಳಿ, ಶಿರಸಿ, ಯಲ್ಲಾಪುರದ ಕಡೆಗೆ ಹೋಗುವ ಡಾಂಬರು ರಸ್ತೆ ಬಿಟ್ಟು ಒಳಗೆ ಇಳಿದರೆ ಕೆಂಪು ಮಣ್ಣು, ಜಲ್ಲಿ, ಕಾಡಿನಂಚಿನ ಏರು ಇಳಿತ. ಮಳೆಗಾಲದಲ್ಲಿ ಇದೇ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಬ್ರೇಕ್ ಹಿಡಿಯದಂತೆ ಮಾಡುತ್ತದೆ.

ರಾಜ್ಯ ಸರ್ಕಾರ 2006–07ರಲ್ಲಿ 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತ್ತು. ಅದರಲ್ಲಿ ಬರುತ್ತಿದ್ದುದು ಗೇರ್ ಇಲ್ಲದ ಸಾದಾ ಸೈಕಲ್. ಕೋವಿಡ್ ಕಾಲದಲ್ಲಿ ವಿತರಣೆ ನಿಂತಿತು. ಬಸ್ಸು ಹೊತ್ತಿಗೆ ಸರಿಯಾಗಿ ಬಾರದ ಊರುಗಳಲ್ಲಿ ಯಾವ ಸೈಕಲ್ ಕೊಳ್ಳಬೇಕು ಎಂಬ ತೀರ್ಮಾನ ಮನೆಯವರ ಮೇಲೆಯೇ ಬಿತ್ತು. ಅಂಗಡಿಯಲ್ಲಿ ಕಣ್ಣಿಗೆ ಬೀಳುವುದೋ ದಪ್ಪ ಟೈರಿನ "ಎಂಟಿಬಿ", ಅಂದರೆ ಮೌಂಟನ್ ಬೈಕ್.

ಮೌಂಟನ್ ಬೈಕ್ ಹುಟ್ಟಿದ್ದೇ ಹಳೆಯ ಸೈಕಲ್‌ನಿಂದ

1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಯುವಕರು ದಶಕಗಳಷ್ಟು ಹಳೆಯ, ದಪ್ಪ ಟೈರಿನ ಸೈಕಲ್‌ಗಳನ್ನು ಅಗ್ಗಕ್ಕೆ ಕೊಂಡು ಗುಡ್ಡದ ಮಣ್ಣು ದಾರಿಯಲ್ಲಿ ಇಳಿಸುತ್ತಿದ್ದರು. 1976ರಲ್ಲಿ ಅಲ್ಲಿ 'ರಿಪ್ಯಾಕ್' ಎಂಬ ಇಳಿಜಾರಿನ ಪೈಪೋಟಿ ಶುರುವಾಯಿತು. ಹೆಸರಿಗೆ ಕಾರಣವಿದೆ. ಪೆಡಲ್ ಹಿಂದಕ್ಕೆ ಒತ್ತಿದರೆ ಹಿಡಿಯುವ ಆ ಸೈಕಲ್‌ಗಳ ಬ್ರೇಕ್ ಒಂದೇ ಇಳಿತಕ್ಕೆ ಎಷ್ಟು ಕಾಯುತ್ತಿತ್ತೆಂದರೆ, ಹಬ್‌ನೊಳಗಿನ ಗ್ರೀಸ್ ಸುಟ್ಟುಹೋಗಿ ಮತ್ತೆ ತುಂಬಬೇಕಾಗುತ್ತಿತ್ತು. ಇಂಗ್ಲಿಷ್‌ನಲ್ಲಿ ರಿಪ್ಯಾಕ್ ಎಂದರೆ ಮತ್ತೆ ತುಂಬುವುದು.

ಜೋ ಬ್ರೀಝ್, ಗ್ಯಾರಿ ಫಿಶರ್, ಟಾಮ್ ರಿಚಿ ಮುಂತಾದವರು ಅಲ್ಲಿಂದಲೇ ಹೊಸ ಫ್ರೇಮ್, ಉತ್ತಮ ಬ್ರೇಕ್, ಗೇರ್ ಇರುವ ಸೈಕಲ್ ಕಟ್ಟತೊಡಗಿದರು. ಈ ಕಥೆಯಿಂದ ನಮಗೆ ಸಿಗುವ ಪಾಠ ಎರಡು. ಹಳೆಯ ಫ್ರೇಮ್ ಗಟ್ಟಿಯಾಗಿರಬಹುದು. ಆದರೆ ಇಳಿಜಾರಿನಲ್ಲಿ ಮೊದಲು ಕೈಕೊಡುವುದು ಬ್ರೇಕ್.

ಮಾತು 1: "ಹಳೇ ಕಬ್ಬಿಣ ಗಟ್ಟಿ, ಕಣ್ಣು ಮುಚ್ಚಿ ತಗೊಳ್ಳಿ"

ನಮ್ಮ ಪರಿಶೀಲನೆ: ಅರ್ಧ ಸತ್ಯ.

ಉಕ್ಕಿಗೆ ಒಂದು ಒಳ್ಳೆಯ ಗುಣವಿದೆ. ಒಂದು ಮಿತಿಯೊಳಗಿನ ಒತ್ತಡವನ್ನು ಅದು ಎಷ್ಟು ಸಲ ಬೇಕಾದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಸಣ್ಣ ಸಣ್ಣ ಹೊಡೆತಗಳ ಆಯಾಸ ಅದರಲ್ಲಿ ಸೇರುತ್ತಾ ಹೋಗುತ್ತದೆ. ಆದ್ದರಿಂದ ಚೆನ್ನಾಗಿ ನೋಡಿಕೊಂಡ ಹಳೆಯ ಉಕ್ಕಿನ ಫ್ರೇಮ್ ಇವತ್ತಿಗೂ ಓಡುತ್ತದೆ.

ಆದರೆ ಉಕ್ಕಿನ ಶತ್ರು ತುಕ್ಕು. ಸೀಟಿನ ಕೊಳವೆಯ ಮೂಲಕ ಒಳಗಿಳಿದ ಮಳೆನೀರು ಪೆಡಲ್ ಅಕ್ಷದ ಹತ್ತಿರ ನಿಂತು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಎರಡು ಮೂರು ಮಳೆಗಾಲ ಸೂರಿನ ಕೆಳಗೆ ನೆನೆದು ನಿಂತ ಸೈಕಲ್‌ನಲ್ಲಿ ಇದನ್ನು ನೋಡಲೇಬೇಕು.

ಇನ್ನೊಂದು ವಿಷಯ: ಸೈಕಲ್ ಎಂದರೆ ಬರೀ ಫ್ರೇಮ್ ಅಲ್ಲ. ಓಡಿಸದೆ ಸುಮ್ಮನೆ ನಿಲ್ಲಿಸಿದ್ದರೂ ರಬ್ಬರ್‌ಗೆ ವಯಸ್ಸಾಗುತ್ತದೆ. ಟೈರಿನ ಪಕ್ಕೆ ಬಿರಿಯುತ್ತದೆ, ಬ್ರೇಕ್ ರಬ್ಬರ್ ಕಲ್ಲಿನಂತಾಗುತ್ತದೆ, ಸಸ್ಪೆನ್ಷನ್ ಫೋರ್ಕ್‌ನ ಸೀಲ್ ಒಣಗುತ್ತದೆ. "ಹೊಸದರಂತೆಯೇ ಇದೆ, ಓಡಿಸೇ ಇಲ್ಲ" ಎಂಬ ಸೈಕಲ್‌ಗೂ ಇವೆಲ್ಲ ಅನ್ವಯಿಸುತ್ತವೆ.

ಮಾತು 2: "ಡಬಲ್ ಸಸ್ಪೆನ್ಷನ್, ಡಿಸ್ಕ್, 21 ಗೇರ್ ಇದ್ದರೆ ಅದೇ ಒಳ್ಳೇದು"

ನಮ್ಮ ಪರಿಶೀಲನೆ: ದಾರಿ ತಪ್ಪಿಸುವ ಮಾತು.

ಮೊದಲು ಸಸ್ಪೆನ್ಷನ್. ಒಳ್ಳೆಯ ಸಸ್ಪೆನ್ಷನ್‌ನಲ್ಲಿ ಎರಡು ಕೆಲಸ ನಡೆಯಬೇಕು. ಸ್ಪ್ರಿಂಗ್ ಹೊಡೆತವನ್ನು ನುಂಗಬೇಕು, ಡ್ಯಾಂಪರ್ ಆ ಸ್ಪ್ರಿಂಗ್ ಮತ್ತೆ ಚಿಮ್ಮದಂತೆ ತಡೆಯಬೇಕು. ಅಗ್ಗದ ಸೈಕಲ್‌ನಲ್ಲಿ ಹೆಚ್ಚಾಗಿ ಸ್ಪ್ರಿಂಗ್ ಮಾತ್ರ ಇರುತ್ತದೆ. ಏರಿನಲ್ಲಿ ಪೆಡಲ್ ತುಳಿದಾಗ ನಿಮ್ಮ ಬಲದ ಒಂದಿಷ್ಟು ಭಾಗ ಸೈಕಲ್ ಮೇಲೆ ಕೆಳಗೆ ಕುಣಿಯುವುದರಲ್ಲೇ ಕಳೆಯುತ್ತದೆ. ಜೊತೆಗೆ ತೂಕ ಬೇರೆ. ಇಂಥ ಎಷ್ಟೋ ಮಾದರಿಗಳು 18 ಕೆಜಿ ಆಸುಪಾಸು ತೂಗುತ್ತವೆ. ಹಿಂದಿನ ಸಸ್ಪೆನ್ಷನ್‌ನ ಕೀಲುಗಳಿಗೆ ಕೆಸರು ಸೇರಿದರೆ ಸಡಿಲವಾಗಿ ಕಿರುಗುಟ್ಟುತ್ತವೆ.

ಗೇರ್ ಲೆಕ್ಕ ಇನ್ನೂ ತಮಾಷೆ. 21 ಎಂದರೆ ಮುಂದೆ 3, ಹಿಂದೆ 7. ಅದರಲ್ಲಿ ಎಷ್ಟೋ ಜೋಡಿಗಳು ಒಂದೇ ರೀತಿಯ ತುಳಿತ ಕೊಡುತ್ತವೆ. ಏರು ಹತ್ತಲು ಬೇಕಾದದ್ದು ಮುಂದಿನ ಅತಿ ಚಿಕ್ಕ ಚಕ್ರ, ಹಿಂದಿನ ಅತಿ ದೊಡ್ಡ ಚಕ್ರ. ಇವೆರಡರ ಹಲ್ಲು ಎಣಿಸಿ. ಮುಂದೆ 28, ಹಿಂದೆಯೂ 28 ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು. ಚೀಲ ಹೊತ್ತು ಏರು ಹತ್ತಲು ಅದು ಸಾಕು.

ಕಣ್ಣಿಗೆ ಕಾಣದ ಇನ್ನೊಂದು ವ್ಯತ್ಯಾಸ ಹಿಂದಿನ ಹಬ್‌ನಲ್ಲಿದೆ. ಅಗ್ಗದ ಗೇರ್ ಸೈಕಲ್‌ಗಳಲ್ಲಿ ಹಲ್ಲುಚಕ್ರದ ಗೊಂಚಲನ್ನು ಹಬ್‌ಗೆ ತಿರುಗಿಸಿ ಕೂರಿಸಿರುತ್ತಾರೆ, ಅದಕ್ಕೆ ಫ್ರೀವೀಲ್ ಎನ್ನುತ್ತಾರೆ. ಈ ಕಟ್ಟಣೆಯಲ್ಲಿ ಬಲಬದಿಯ ಬೇರಿಂಗ್ ಒಳಗೆ ಸರಿದು ಅಕ್ಷದ ಉದ್ದ ಭಾಗಕ್ಕೆ ಆಧಾರ ಇರುವುದಿಲ್ಲ. ಗುಂಡಿಗೆ ಜೋರಾಗಿ ಇಳಿಸಿದರೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ ಅಕ್ಷ ಬಾಗುವುದು ಇದಕ್ಕೇ. ಒಳ್ಳೆಯ ದರ್ಜೆಯ ಹಳೆಯ ಮೌಂಟನ್ ಬೈಕ್‌ಗಳಲ್ಲಿ ಕ್ಯಾಸೆಟ್ ಮಾದರಿಯ ಹಬ್ ಇರುತ್ತದೆ. ಅದರಲ್ಲಿ ಬೇರಿಂಗ್ ಅಂಚಿನ ಹತ್ತಿರವೇ ಕೂರುವುದರಿಂದ ಬಾಳಿಕೆ ಹೆಚ್ಚು. ಹಳೆಯದನ್ನು ಕೊಳ್ಳಲು ಇರುವ ಗಟ್ಟಿ ಕಾರಣ ಇದು.

ಡಿಸ್ಕ್ ಬ್ರೇಕ್ ವಿಷಯದಲ್ಲಿ ಮಾತ್ರ ಹೊಸದಕ್ಕೆ ಅಂಕ ಕೊಡಬೇಕು. ಡಿಸ್ಕ್ ಚಕ್ರದ ನಡುವೆ ಇರುವುದರಿಂದ ಕೆಸರಿನಿಂದ ದೂರ. ರಿಮ್ ಹಿಡಿಯುವ ಬ್ರೇಕ್ ನೀರಿನಲ್ಲಿ ದುರ್ಬಲವಾಗುತ್ತದೆ. ರಿಮ್ ಹೊಳೆಯುವ ಉಕ್ಕಿನದ್ದಾದರೆ ಮಳೆಯಲ್ಲಿ ಹಿಡಿತ ಬಹಳ ಕುಸಿಯುತ್ತದೆ. ಅಲ್ಯೂಮಿನಿಯಂ ರಿಮ್ ಎಷ್ಟೋ ಮೇಲು. ಆದರೆ ಸರಿಯಾಗಿ ಹೊಂದಿಸದ ಅಗ್ಗದ ಡಿಸ್ಕ್‌ಗಿಂತ ಸರಿಯಾಗಿ ಹೊಂದಿಸಿದ ವಿ-ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ.

ಬ್ರೇಕ್ ಬಗ್ಗೆ ಇಷ್ಟು ಒತ್ತಿ ಹೇಳುವುದು ಯಾಕೆ? ಗಂಟೆಗೆ 20 ಕಿಮೀ ವೇಗ ಎಂದರೆ ಸೆಕೆಂಡಿಗೆ ಸುಮಾರು ಐದೂವರೆ ಮೀಟರ್. ಅಡ್ಡ ಬಂದ ಎಮ್ಮೆ ಕಂಡು ಕೈ ಬ್ರೇಕ್ ಒತ್ತುವಷ್ಟರಲ್ಲೇ ಅಷ್ಟು ದೂರ ಸಾಗಿರುತ್ತೀರಿ. ಅಲ್ಲಿಂದ ಮುಂದೆ, ಬ್ರೇಕಿನ ಬಲ ಅರ್ಧವಾದರೆ ನಿಲ್ಲಲು ಬೇಕಾದ ದೂರ ಎರಡು ಪಟ್ಟು. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು.

ಮಾತು 3: "ಹಳೇದಕ್ಕೆ ಬಿಡಿಭಾಗ ಸಿಗಲ್ಲ, 26 ಇಂಚಿನ ಕಾಲ ಮುಗೀತು"

ನಮ್ಮ ಪರಿಶೀಲನೆ: ಬಹುಪಾಲು ತಪ್ಪು.

ದುಬಾರಿ ಮೌಂಟನ್ ಬೈಕ್‌ಗಳು 27.5 ಮತ್ತು 29 ಇಂಚಿಗೆ ಹೋಗಿವೆ ನಿಜ. ಆದರೆ ಭಾರತದ ಅಗ್ಗದ ಸೈಕಲ್‌ಗಳು ಇಂದಿಗೂ 26 ಇಂಚಿನಲ್ಲಿ ಬರುತ್ತಿವೆ. ಹಾಗಾಗಿ ಟೈರ್, ಟ್ಯೂಬ್ ಸಿಗುವುದು ಕಷ್ಟವಲ್ಲ. ಕಂಪನಿ ಮುಚ್ಚಿದರೂ ಸೈಕಲ್ ಸಾಯುವುದಿಲ್ಲ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್‌ನಲ್ಲಿ, ಅದೂ ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಅಟ್ಲಾಸ್ ಸೈಕಲ್‌ಗಳು ಈಗಲೂ ಓಡುತ್ತಿವೆ, ಯಾಕೆಂದರೆ ಸಾದಾ ಸೈಕಲ್‌ನ ಚೈನ್, ಪೆಡಲ್, ಬೇರಿಂಗ್ ಗುಂಡುಗಳು ಎಲ್ಲರವೂ ಹೆಚ್ಚುಕಮ್ಮಿ ಒಂದೇ ಅಳತೆಯವು.

ಒಂದು ಎಚ್ಚರಿಕೆ ಬೇಕು. "26" ಎಂದು ಬರೆದ ಟೈರ್‌ಗಳೆಲ್ಲ ಒಂದೇ ಅಳತೆಯವಲ್ಲ. ಮೌಂಟನ್ ಬೈಕ್‌ನ 26 × 1.95 ಅಥವಾ 26 × 2.10 ಟೈರ್ ಕೂರುವ ರಿಮ್‌ನ ವ್ಯಾಸ 559 ಮಿಮೀ. 26 × 1⅜ ಎಂದು ಬರೆದಿದ್ದರೆ 590 ಮಿಮೀ. ಒಂದಕ್ಕೆ ಇನ್ನೊಂದು ಕೂರುವುದಿಲ್ಲ. ಟೈರಿನ ಪಕ್ಕೆಯಲ್ಲಿ 559, 590 ಇಂಥ ಮೂರಂಕಿ ಸಂಖ್ಯೆ ಇದ್ದರೆ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ.

ಮಾತು 4: "ಜಿಎಸ್‌ಟಿ ಇಳಿದಿದೆ, ಹಳೇದು ಕೊಳ್ಳೋದೇ ನಷ್ಟ"

ನಮ್ಮ ಪರಿಶೀಲನೆ: ತೆರಿಗೆ ಇಳಿದದ್ದು ನಿಜ, ತೀರ್ಮಾನ ತಪ್ಪು.

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12%ರಿಂದ 5%ಕ್ಕೆ ಇಳಿದಿದೆ. ತೆರಿಗೆ ಸೇರಿಸುವ ಮುನ್ನ 8,000 ರೂಪಾಯಿ ಇರುವ ಸೈಕಲ್‌ಗೆ ಮೊದಲು 8,960 ಆಗುತ್ತಿತ್ತು, ಈಗ 8,400. ಉಳಿತಾಯ 560 ರೂಪಾಯಿ. ಕೊಳ್ಳುವವರಿಗೆ ಇದು ಒಳ್ಳೆಯದೇ. ಆದರೆ ಹಳೆಯದು ಮತ್ತು ಹೊಸದರ ನಡುವಿನ ಲೆಕ್ಕ ಇಷ್ಟರಿಂದಲೇ ತಿರುಗಿಬೀಳುವುದಿಲ್ಲ.

ಸರಿಯಾದ ಲೆಕ್ಕ ಹೀಗೆ. ಹಳೆಯದರ ಬೆಲೆಗೆ ಅದನ್ನು ಸುರಕ್ಷಿತವಾಗಿ ಓಡುವಂತೆ ಮಾಡುವ ಖರ್ಚು ಸೇರಿಸಿ. ಉದಾಹರಣೆಗೆ 3,500ಕ್ಕೆ ಕೊಂಡು ಟೈರ್, ಟ್ಯೂಬ್, ಬ್ರೇಕ್ ರಬ್ಬರ್, ಕೇಬಲ್, ಚೈನ್ ಮತ್ತು ಮಜೂರಿಗೆ 2,000 ಹಾಕಿದರೆ 5,500. ಹೊಸದರ 8,400ರ ಮುಂದೆ ಇದು ಲಾಭ. ಆದರೆ ಚಕ್ರವೂ ಫೋರ್ಕೂ ಬದಲಿಸಬೇಕಾಗಿ ಬಂದರೆ ಲಾಭ ಅಲ್ಲಿಗೇ ಮುಗಿಯಿತು. ಒಟ್ಟು ಮೊತ್ತ ಹೊಸದರ ಮೂರನೇ ಎರಡು ಭಾಗ ದಾಟಿದರೆ ಹಳೆಯದನ್ನು ಬಿಡಿ ಎಂಬುದು ನಮ್ಮ ಸಲಹೆ.

ಹಳೆಯದನ್ನು ಕೊಳ್ಳುವ ಮುನ್ನ ಹತ್ತು ನಿಮಿಷ

1. ಫ್ರೇಮ್: ಕೊಳವೆಗಳು ಕೂಡುವ ಬೆಸುಗೆಯ ಜಾಗಗಳನ್ನು ಬೆಳಕಿನಲ್ಲಿ ನೋಡಿ. ಕೂದಲೆಳೆಯ ಬಿರುಕು, ಬಣ್ಣದ ಕೆಳಗೆ ಉಬ್ಬು ಇದ್ದರೆ ಬೇಡ. ಸೀಟಿನ ಕಂಬ ಮೇಲೆ ಕೆಳಗೆ ಸರಿಯಬೇಕು. ತುಕ್ಕಿಗೆ ಕಚ್ಚಿಕೊಂಡಿದ್ದರೆ ಬಿಡಿಸುವುದು ಬಹಳ ಕಷ್ಟ.

2. ಹ್ಯಾಂಡಲ್: ಮುಂದಿನ ಬ್ರೇಕ್ ಹಿಡಿದು ಸೈಕಲ್ ಹಿಂದೆ ಮುಂದೆ ದೂಡಿ. ಹ್ಯಾಂಡಲ್ ಬುಡದಲ್ಲಿ ಕಟ್ ಕಟ್ ಎಂದರೆ ಸಡಿಲವಿದೆ. ಬಿಗಿಮಾಡಿದ ಮೇಲೂ ಹಾಗೇ ಇದ್ದರೆ ಬೇರಿಂಗ್ ಸವೆದಿದೆ.

3. ಚಕ್ರ: ಎತ್ತಿ ತಿರುಗಿಸಿ. ಬ್ರೇಕ್ ರಬ್ಬರ್‌ನ ಹತ್ತಿರ ಓಲಾಡುತ್ತದೆಯೇ? ರಿಮ್‌ನ ಪಕ್ಕೆಯ ಮೇಲೆ ಬೆರಳಾಡಿಸಿ. ಒಳಗೆ ತಗ್ಗಿದಂತೆ ಇದ್ದರೆ ರಿಮ್ ಸವೆದು ತೆಳುವಾಗಿದೆ.

4. ಪೆಡಲ್ ತೋಳು: ಎಡಕ್ಕೆ ಬಲಕ್ಕೆ ಅಲುಗಿಸಿ. ಲಟಕ್ ಎಂದರೆ ಒಳಗಿನ ಬೇರಿಂಗ್ ನೋಡಿಸಬೇಕು.

5. ಚೈನ್: ಇಂಚಿನ ಗುರುತಿರುವ ಸ್ಟೀಲ್ ಸ್ಕೇಲ್ ಹಿಡಿಯಿರಿ. ಒಂದು ಪಿನ್ನಿನ ನಡುವಿನಿಂದ ಮುಂದಿನ 24ನೇ ಪಿನ್ನಿನ ನಡುವಿನವರೆಗೆ ಸರಿಯಾಗಿ 12 ಇಂಚು ಇರಬೇಕು. ಒಂದಿಂಚಿನ ಎಂಟನೇ ಒಂದು ಭಾಗ, ಅಂದರೆ ಸುಮಾರು 3 ಮಿಮೀ ಹೆಚ್ಚಿದ್ದರೆ ಚೈನ್ ಮುಗಿದಿದೆ. ಹಲ್ಲುಚಕ್ರವೂ ಸವೆದಿರುವ ಸಾಧ್ಯತೆ ಹೆಚ್ಚು.

6. ಬಿಲ್ ಮತ್ತು ನಂಬರ್: ಪೆಡಲ್ ಅಕ್ಷದ ಕೆಳಭಾಗದಲ್ಲೋ ಸೀಟಿನ ಕೊಳವೆಯ ಹತ್ತಿರವೋ ಫ್ರೇಮ್ ನಂಬರ್ ಕೊರೆದಿರುತ್ತದೆ. ಉಜ್ಜಿ ಅಳಿಸಿದ್ದರೆ ಕೊಳ್ಳಬೇಡಿ. ಕಳವಿನ ಮಾಲು ಎಂದು ಗೊತ್ತಿದ್ದೋ, ಹಾಗೆ ಅನುಮಾನಿಸಲು ಕಾರಣವಿದ್ದೋ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಅಡಿ ಅಪರಾಧ. ಬಿಲ್ ಇಲ್ಲದಿದ್ದರೆ ಮಾರುವವರಿಂದ ಒಂದು ಚೀಟಿಯನ್ನಾದರೂ ಬರೆಸಿಕೊಳ್ಳಿ.

ಹೊಸದನ್ನು ಕೊಳ್ಳುವವರಿಗೂ ಒಂದು ಮಾತು. ಆನ್‌ಲೈನ್‌ನಲ್ಲಿ ಬರುವ ಸೈಕಲ್ ಪೂರ್ತಿ ಜೋಡಿಸಿ ಬರುವುದಿಲ್ಲ. ಎಡ ಪೆಡಲ್‌ನ ಮರೆ ಉಲ್ಟಾ ಇರುತ್ತದೆ. ಬಲಗಡೆಯದನ್ನು ತಿರುಗಿಸಿದಂತೆ ತಿರುಗಿಸಿದರೆ ತೋಳಿನ ಮರೆ ಹಾಳು. ಕೆಲವು ದಿನ ಓಡಿಸಿದ ಮೇಲೆ ಕೇಬಲ್ ಸಡಿಲವಾಗಿ ಬ್ರೇಕ್ ಲಿವರ್ ಒಳಗೆ ಹೋಗುತ್ತದೆ. ಮೊದಲ ತಿಂಗಳಲ್ಲಿ ಒಮ್ಮೆ ಮೆಕ್ಯಾನಿಕ್‌ಗೆ ತೋರಿಸುವ ಖರ್ಚನ್ನೂ ಬೆಲೆಯಲ್ಲೇ ಸೇರಿಸಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು?

ಒಳ್ಳೆಯ ದರ್ಜೆಯ ಹಳೆಯ ಮೌಂಟನ್ ಬೈಕ್, ಮೇಲಿನ ಪರೀಕ್ಷೆ ದಾಟಿದ್ದು, ಅಲ್ಯೂಮಿನಿಯಂ ರಿಮ್ ಇರುವುದು, ಊರಿನಲ್ಲಿ ಗೇರ್ ಬಲ್ಲ ಮೆಕ್ಯಾನಿಕ್ ಇದ್ದರೆ ಅದೇ ಮೇಲು. ಹಳೆಯದನ್ನು ನೋಡಿ ಹೇಳುವವರು ಯಾರೂ ಇಲ್ಲವೆಂದಾದರೆ ಹೊಸದೇ ಸರಿ. ಆಗಲೂ ಸಸ್ಪೆನ್ಷನ್ ಇಲ್ಲದ, ಗಟ್ಟಿ ಫೋರ್ಕಿನ ಸಾದಾ ಸೈಕಲ್ ಆರಿಸಿ, ಉಳಿದ ದುಡ್ಡನ್ನು ಬ್ರೇಕ್, ಮಡ್‌ಗಾರ್ಡ್, ಹಿಂದಿನ ಕೆಂಪು ದೀಪಕ್ಕೆ ಹಾಕಿ. ದಪ್ಪ ಟೈರಿನಲ್ಲಿ ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಅಗ್ಗದ ಸ್ಪ್ರಿಂಗ್ ಮಾಡುವ ಕೆಲಸವನ್ನು ಟೈರೇ ಮಾಡುತ್ತದೆ. ಎಷ್ಟು ಗಾಳಿ ಎಂಬುದು ಟೈರಿನ ಮೇಲೆಯೇ ಬರೆದಿರುತ್ತದೆ, ಅದರ ಕೆಳಮಿತಿಗಿಂತ ಇಳಿಸಬೇಡಿ.

ಎರಡೂ ಆಯ್ಕೆಗಳಲ್ಲಿ ಒಂದನ್ನು ಮಾತ್ರ ಬಿಡುವಂತಿಲ್ಲ. ಸೈಕಲ್ ಮನೆಗೆ ಬಂದ ದಿನ ಚಕ್ರಗಳ ಮೇಲೆ ಒಂದು ಕೊಡ ನೀರು ಸುರಿಯಿರಿ. ಸಮತಟ್ಟಾದ ಜಾಗದಲ್ಲಿ, ನಿಧಾನ ವೇಗದಲ್ಲಿ ದೊಡ್ಡವರೇ ಓಡಿಸಿ ಎರಡೂ ಬ್ರೇಕ್ ಒತ್ತಿ ನೋಡಿ. ಒದ್ದೆಯಲ್ಲೂ ನಿಂತರೆ ಮಾತ್ರ ಅದನ್ನು ಮಕ್ಕಳ ಕೈಗೆ ಕೊಡಿ.