ಕುದುರೆ ಕಟ್ಟಿದವರ ಪಕ್ಷ

ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ರಾಮಾಯಣ ಕಲ್ಲಾಗಿ ನಿಂತಿದೆ. ನೊಳಂಬರ ಕಾಲದ ಗುಡಿಗಳ ಪ್ರಾಕಾರದೊಳಗೆ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂದು ಅಣ್ಣತಮ್ಮಂದಿರ ಹೆಸರು ಹೊತ್ತ ಲಿಂಗಗಳಿವೆ. ಬೆಟ್ಟ ಹತ್ತಿದರೆ ವಾಲ್ಮೀಕಿ ಇದ್ದ ಜಾಗ, ಸೀತೆ ಹೆತ್ತ ಜಾಗ, ನೆತ್ತಿಯ ಮೇಲೆ ಸೀತಮ್ಮನ ಗುಡಿ. ಮಕ್ಕಳ ಫಲಕ್ಕಾಗಿ ಹರಕೆ ಹೊತ್ತ ಹೆಂಗಸರು ಇಂದಿಗೂ ಆ ಮೆಟ್ಟಿಲು ಹತ್ತುತ್ತಾರೆ. ಇಷ್ಟೊಂದು ಲಿಂಗಗಳು ಒಂದೇ ಕಡೆ ಯಾಕೆ ಎಂದು ಕೇಳಿದರೆ ಊರಿನ ಬಳಿ ಉತ್ತರ ಸಿದ್ಧವಿದೆ. ರಾಮನ ಅಶ್ವಮೇಧದ ಕುದುರೆಯನ್ನು ಲವಕುಶರು ಕಟ್ಟಿಹಾಕಿದರು, ಸೇನೆ ಬಂತು, ತಮ್ಮಂದಿರು ಬಂದರು, ಕೊನೆಗೆ ರಾಮನೇ ಬಂದ. ಹೆತ್ತ ಮಕ್ಕಳ ಮೇಲೆ ಬಾಣ ಬಿಟ್ಟ ಪಾಪ ತೊಳೆದುಕೊಳ್ಳಲು ಒಬ್ಬೊಬ್ಬರೂ ಒಂದೊಂದು ಲಿಂಗ ನಿಲ್ಲಿಸಿದರು. ರಾಜರು ಗುಡಿ ಕಟ್ಟಿಸಿದ್ದಕ್ಕೆ ಕಾರಣ ಏನಿತ್ತೋ, ಊರು ಹೇಳಿಕೊಂಡು ಬಂದ ಕಾರಣ ಇದು.

ಈ ಯುದ್ಧ ವಾಲ್ಮೀಕಿ ರಾಮಾಯಣದಲ್ಲಿ ಇಲ್ಲ. ಅಲ್ಲಿ ಆ ಹುಡುಗರು ಯುದ್ಧಕ್ಕೆ ಬರುವುದೇ ಇಲ್ಲ, ಹಾಡಲು ಬರುತ್ತಾರೆ. ನೈಮಿಷಾರಣ್ಯದ ಯಜ್ಞಶಾಲೆಯಲ್ಲಿ ಅಪ್ಪನ ಕತೆಯನ್ನು ಅಪ್ಪನ ಮುಂದೆಯೇ ವೀಣೆಯ ನಾದಕ್ಕೆ ಸೇರಿಸಿ ಹಾಡುತ್ತಾರೆ. ಹಾಡುತ್ತಿರುವವರು ತನ್ನ ಮಕ್ಕಳೆಂದು ರಾಮನಿಗೆ ತಿಳಿಯುತ್ತದೆ. ಸೀತೆಗೆ ಕರೆ ಹೋಗುತ್ತದೆ, ಭೂಮಿ ಬಾಯಿ ಬಿಡುತ್ತದೆ. ಉತ್ತರಕಾಂಡವೇ ಬೇರೊಂದು ಕೈಯ ಬರಹ ಎನ್ನುವ ವಿದ್ವಾಂಸರು ಬಹಳ ಮಂದಿ. ಆ ಚರ್ಚೆ ಇಲ್ಲಿ ಬೇಡ. ಮಕ್ಕಳ ಕೈಗೆ ಬಿಲ್ಲು ಕೊಟ್ಟವರು ಆಮೇಲೆ ಬಂದರು. 8ನೇ ಶತಮಾನದ ಭವಭೂತಿ ಲವನನ್ನು ಲಕ್ಷ್ಮಣನ ಮಗ ಚಂದ್ರಕೇತುವಿನ ಎದುರು ನಿಲ್ಲಿಸಿದ, ಕೊನೆಯಲ್ಲಿ ಸೀತಾರಾಮರನ್ನು ಒಂದು ಮಾಡಿದ. ಜೈಮಿನಿಯ ಹೆಸರಿನ ಅಶ್ವಮೇಧ ಪರ್ವ ಅಪ್ಪಮಕ್ಕಳನ್ನೇ ಎದುರುಬದುರು ನಿಲ್ಲಿಸಿತು. ಅದನ್ನು ದೇವನೂರಿನ ಲಕ್ಷ್ಮೀಶ ಕನ್ನಡದ ವಾರ್ಧಕ ಷಟ್ಪದಿಗೆ ತಂದು ಮನೆಮನೆಗೆ ಮುಟ್ಟಿಸಿದ. ಒಬ್ಬ ಮಹಾವೀರನ ಕತೆ ಹೊಸ ತಂಡದ ಕೈಗೆ ಬಂತು, ಆ ತಂಡ ಕತೆಯ ದಿಕ್ಕನ್ನೇ ಬದಲಿಸಿತು. ಓದುಗರು ಏನು ಮಾಡಿದರು ಎಂಬುದಕ್ಕೆ ಆವನಿಯ ಬೆಟ್ಟ ಸಾಕ್ಷಿ.

ಪ್ರೀತಿಯ ವೀರನ ಕತೆ ಹೊಸ ಕೈಗೆ ಹೋದಾಗ ಓದುಗರು ಏನು ಮಾಡುತ್ತಾರೆ ಎಂಬ ಪ್ರಶ್ನೆ ಇವತ್ತು ಹೆಚ್ಚಾಗಿ ಕೇಳಿಬರುವುದು ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಸುತ್ತ. ಬರೆಯುವವರು, ಚಿತ್ರ ಬಿಡಿಸುವವರು ಬದಲಾದಾಗಲೆಲ್ಲ ಅಭಿಮಾನಿಗಳು ಎರಡು ಪಾಳೆಯವಾಗುತ್ತಾರೆ. 1966ರಲ್ಲಿ ಸ್ಪೈಡರ್‌ಮ್ಯಾನ್‌ನ ಮೊದಲ ಚಿತ್ರಕಾರ ಸ್ಟೀವ್ ಡಿಟ್ಕೊ ಪತ್ರಿಕೆ ಬಿಟ್ಟಾಗ ಆ ಜಾಗಕ್ಕೆ ಜಾನ್ ರೊಮಿಟಾ ಬಂದರು. ಸ್ಪೈಡರ್‌ಮ್ಯಾನ್ ಮುಸುಕಿನ ಹಿಂದಿನ ಪೀಟರ್ ಪಾರ್ಕರ್ ಡಿಟ್ಕೊ ಕೈಯಲ್ಲಿ ಬಡಕಲು ಹುಡುಗ, ಭುಜ ಬಾಗಿಸಿಕೊಂಡು ನಡೆಯುವವನು. ರೊಮಿಟಾ ಪ್ರೇಮಕಥೆಗಳ ಕಾಮಿಕ್ಸ್‌ನಲ್ಲಿ ಕೈ ಪಳಗಿಸಿಕೊಂಡು ಬಂದವರು. ಡಿಟ್ಕೊ ಇನ್ನೇನು ಹಿಂತಿರುಗುತ್ತಾರೆಂದು ನಂಬಿ ಅವರಂತೆಯೇ ಬಿಡಿಸಲು ಒದ್ದಾಡಿದರೂ ಹುಡುಗ ಅವರ ಕೈಯಲ್ಲಿ ಸುಂದರನಾಗುತ್ತಲೇ ಹೋದ. ಇವನು ನಮ್ಮ ಪೀಟರ್ ಅಲ್ಲ ಎಂದವರಿದ್ದರು. ಮುಂದಿನ ಪೀಳಿಗೆಗೆ ರೊಮಿಟಾರ ಪೀಟರ್‌ನೇ ನಿಜವಾದ ಪೀಟರ್ ಆದ.

‘ಸುಧಾ’ ಓದಿ ಬೆಳೆದವರಿಗೆ ಫ್ಯಾಂಟಮ್‌ನ ಪರಿಚಯ ಹೇಳಬೇಕಿಲ್ಲ. 1936ರಲ್ಲಿ ಲೀ ಫಾಕ್ ಹುಟ್ಟುಹಾಕಿದ ಆ ಮುಸುಕುಧಾರಿಯನ್ನು ಮೊದಲು ರೇ ಮೂರ್, ಆಮೇಲೆ ವಿಲ್ಸನ್ ಮೆಕಾಯ್ ಬಿಡಿಸಿದರು. 1961ರಲ್ಲಿ ಮೆಕಾಯ್ ತೀರಿಕೊಂಡ ಮೇಲೆ ಸೈ ಬ್ಯಾರಿ ಮೂರು ದಶಕ ಮೀರಿ ಬಿಡಿಸಿದರು. ಕತೆಯೊಳಗೆ ಫ್ಯಾಂಟಮ್ ಎಂಬುದೇ ತಂದೆಯಿಂದ ಮಗನಿಗೆ ಬರುವ ಹೊಣೆ. ನಾವು ಓದಿದವನು ಇಪ್ಪತ್ತೊಂದನೆಯವನು. ಸಾವಿಲ್ಲದ ಒಬ್ಬನೇ ಎಂದು ಕಾಡಿನ ಜನ ನಂಬಿದ್ದಾರೆ. ಕೈ ಬದಲಾದರೂ ವೀರ ಬದಲಾಗಲಿಲ್ಲ ಎಂದು ತೋರಿಸಿಕೊಳ್ಳುವುದೇ ಪ್ರತಿ ಹೊಸ ಫ್ಯಾಂಟಮ್‌ನ ಕೆಲಸ. ಪ್ರತಿ ಹೊಸ ಚಿತ್ರಕಾರನ ಕೆಲಸವೂ ಅದೇ ತಾನೆ?

ಇಂಥ ಅಭಿಮಾನಿಗಳ ಗಲಾಟೆಯನ್ನು ಹುಡುಗಾಟವೆಂದು ತಳ್ಳಿಹಾಕುವವರಿದ್ದಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಕತೆಗೆ ಒಡೆಯರು ಕಾಗದದ ಮೇಲೆ ಯಾರೇ ಇರಲಿ, ವರ್ಷಗಟ್ಟಲೆ ಅದನ್ನು ಮನಸ್ಸಿನಲ್ಲಿ ಸಾಕಿದವರಿಗೆ ಅದರಲ್ಲಿ ಪಾಲಿದೆ. ಬಾಲಕಾಂಡದ ನಾಲ್ಕನೆಯ ಸರ್ಗದಲ್ಲೇ ಆ ಪಾಲುದಾರರು ಕಾಣಿಸಿಕೊಳ್ಳುತ್ತಾರೆ. ಲವಕುಶರು ಮೊದಲ ಸಲ ಋಷಿಗಳ ಗುಂಪಿನ ಮುಂದೆ ಹಾಡುತ್ತಾರೆ. ಕೇಳಿದವರ ಕಣ್ಣು ತುಂಬುತ್ತದೆ. ಹಿಂದೆಂದೋ ನಡೆದದ್ದು ಈಗ ಕಣ್ಣೆದುರೇ ನಡೆದಂತಿದೆ ಎಂದು ಮೆಚ್ಚುತ್ತಾರೆ. ಒಬ್ಬ ಋಷಿ ಎದ್ದು ತನ್ನ ಕಲಶವನ್ನೇ ಕೊಡುತ್ತಾನೆ, ಇನ್ನೊಬ್ಬ ನಾರುಮಡಿ ಕೊಡುತ್ತಾನೆ. ಏನೂ ಇಲ್ಲದವರು ಇದ್ದದ್ದನ್ನೇ ಕೊಟ್ಟ ಆ ಗಳಿಗೆಯನ್ನು ಕಾವ್ಯವೇ ದಾಖಲಿಸಿಟ್ಟುಕೊಂಡಿದೆ.

ಬೇಸರವೂ ದಾಖಲಾಗಿದೆ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಭೂಮಿ ಹೊತ್ತ ಆದಿಶೇಷ ಬಳಲಿದ ಎಂದು ಕುಮಾರವ್ಯಾಸ ಹೇಳಿ ಭಾರತದ ಕಡೆಗೆ ಹೊರಟುಹೋದ. ಆ ಮಾತು ಹೇಳಿದ ಮೇಲೂ ಕನ್ನಡದಲ್ಲಿ ರಾಮಾಯಣ ನಿಲ್ಲಲಿಲ್ಲ. ಐದು ಶತಮಾನದ ಬಳಿಕ ಕುವೆಂಪು ಬರೆದರು, ಅವರ ರಾಮ ಸೀತೆಯ ಜೊತೆ ತಾನೂ ಬೆಂಕಿಯನ್ನು ಹೊಕ್ಕ.

ಕೋಲಾರ ಸೀಮೆಯ ಹಳ್ಳಿಗಳಲ್ಲಿ ಕೇಳಿಕೆ ಎಂಬ ಬಯಲಾಟ ಆಡುವಾಗ ಕೇಳುಗರ ಈ ಪಾಲುದಾರಿಕೆಯನ್ನು ಹತ್ತಿರದಿಂದ ನೋಡಬಹುದು. ವೇಷ ಹಾಕುವವರು ಊರಿನವರೇ, ಪದ ಕಲಿಸುವ ಮೇಷ್ಟ್ರು ಮಾತ್ರ ಹೊರಗಿನಿಂದ ಬರುತ್ತಾರೆ. ಮೇಷ್ಟ್ರು ಬದಲಾದ ವರ್ಷ ಮುಂದಿನ ಸಾಲಿನಲ್ಲಿ ಟವೆಲ್ ಹೊದ್ದು ಕೂತ ಹಿರಿಯರ ಕಿವಿ ಚುರುಕಾಗಿರುತ್ತದೆ. ಹೊಸ ಮಟ್ಟು ಹಾಕಿದರೆ ತಲೆ ಅಲ್ಲಾಡಿಸಿ ಒಪ್ಪಿಕೊಂಡುಬಿಡುತ್ತಾರೆ. ಮಾತು ಕತ್ತರಿಸಿದರೆ ಬಿಡುವುದಿಲ್ಲ. “ಏನ್ ಮೇಷ್ಟ್ರೇ, ರಾಮ ಅಷ್ಟು ಬೇಗ ಮೂರ್ಛೆ ಹೋಗೋದಾ? ಮಕ್ಕಳ ಜೊತೆ ಎರಡು ಮಾತಾಡಬೇಡ್ವಾ?” ಎಂಬ ಧಾಟಿಯ ಆಕ್ಷೇಪ ಬೆಳಗಿನ ಟೀ ಅಂಗಡಿಯಲ್ಲಿ ಬಂದೇ ಬರುತ್ತದೆ. ಅದು ಒಳ್ಳೆಯ ವಿಮರ್ಶೆ. ರಾಮ ಸೋಲಬಾರದು ಎಂದು ಆ ಹಿರಿಯರು ಹೇಳುತ್ತಿಲ್ಲ. ಸೋಲುವ ಮುಂಚೆ ಅವನು ಮಕ್ಕಳಿಗೆ ಉತ್ತರ ಕೊಡಬೇಕು ಎನ್ನುತ್ತಿದ್ದಾರೆ.

ಲಕ್ಷ್ಮೀಶ ಗೆದ್ದದ್ದೂ ಇಲ್ಲೇ. ಹತ್ತನೇ ತರಗತಿಯಲ್ಲಿ ‘ವೀರಲವ’ ಎಂಬ ಪಾಠವಾಗಿ ಓದಿದವರಿಗೆ ಆ ಭಾಗ ನೆನಪಿರಬೇಕು. ವಾಲ್ಮೀಕಿ ವರುಣನ ಲೋಕಕ್ಕೆ ಹೋಗಿದ್ದಾನೆ. ತೋಟದ ಕಾವಲು ಲವನದು. ಯಜ್ಞದ ಕುದುರೆ ನುಗ್ಗಿ ಹೂದೋಟ ತುಳಿಯುತ್ತದೆ. ಹುಡುಗ ಹತ್ತಿರ ಹೋಗಿ ಅದರ ಹಣೆಯ ಪಟ್ಟಿಯನ್ನು ಓದುತ್ತಾನೆ: ಕೌಸಲ್ಯೆ ಹೆತ್ತ ರಾಮನೊಬ್ಬನೇ ವೀರ, ತಾಕತ್ತಿದ್ದವರು ಈ ಕುದುರೆಯನ್ನು ತಡೆಯಲಿ. ಲವನಿಗೆ ಸಿಟ್ಟು ಬರುವುದು ತುಳಿದ ತೋಟಕ್ಕಾಗಿ ಮಾತ್ರ ಅಲ್ಲ. ಈ ಗರ್ವವನ್ನು ಬಿಡಿಸದೆ ಹೋದರೆ ತನ್ನ ತಾಯಿಯನ್ನು ಲೋಕ ಬಂಜೆ ಎನ್ನದೆ ಇರುತ್ತದೆಯೇ ಎಂದು ಅವನು ಯೋಚಿಸುತ್ತಾನೆ. ಉತ್ತರೀಯ ತೆಗೆದು ಕುದುರೆಯ ಕೊರಳಿಗೆ ಬಿಗಿದು ಬಾಳೆಗಿಡಕ್ಕೆ ಕಟ್ಟುತ್ತಾನೆ. ಜೊತೆಗಿದ್ದ ಮುನಿಪುತ್ರರು ನಡುಗುತ್ತಾರೆ, ಅರಸುಗಳ ಕುದುರೆ, ಬಿಟ್ಟುಬಿಡು, ನಮ್ಮನ್ನು ಹೊಡೆಯುತ್ತಾರೆ ಎನ್ನುತ್ತಾರೆ. ಬ್ರಾಹ್ಮಣರ ಮಕ್ಕಳು ಹೆದರಿದರೆ ಜಾನಕಿಯ ಮಗ ಹೆದರುವನೇ ಎಂದು ನಕ್ಕು ಬಿಲ್ಲು ಹಿಡಿದು ನಿಲ್ಲುತ್ತಾನೆ.

ಬಾಳೆಯ ಗಿಡ ಒಂದು ಯಜ್ಞದ ಕುದುರೆಯನ್ನು ಹಿಡಿದು ನಿಲ್ಲಿಸುವಂಥದ್ದಲ್ಲ, ಕಟ್ಟಿದ್ದು ಹಗ್ಗವೂ ಅಲ್ಲ, ಮಗುವಿನ ಮೈಮೇಲಿನ ಬಟ್ಟೆ. ಇದು ಲಕ್ಷ್ಮೀಶನ ಕೈ. ಇನ್ನೊಂದು ಸೂಕ್ಷ್ಮ ನೋಡಿ. ಆ ಪಟ್ಟಿಯಲ್ಲಿ ಇದ್ದದ್ದು ಒಬ್ಬ ತಾಯಿಯ ಹೆಸರು, ಕೌಸಲ್ಯೆಯದು. ಹುಡುಗ ಅದಕ್ಕೆ ಇನ್ನೊಬ್ಬ ತಾಯಿಯ ಹೆಸರನ್ನು ಎದುರಿಡುತ್ತಾನೆ. ಅಪ್ಪ ಯಾರೆಂದು ಅವನಿಗೆ ತಿಳಿಯದು. ತಿಳಿಯದೆಯೇ, ತುಂಬು ಬಸುರಿಯನ್ನು ಕಾಡಿಗೆ ಅಟ್ಟಿದ ಅರಸನ ಎದುರು ಆ ಬಸುರಿಯ ಪರವಾಗಿ ನಿಂತಿದ್ದಾನೆ. ರಾಮನನ್ನು ದೇವರೆಂದು ಪೂಜಿಸುವ ಮನೆಗಳಲ್ಲೇ ಸೀತಾ ಪರಿತ್ಯಾಗದ ಬಗ್ಗೆ ಒಂದು ಕೇಳದ ಪ್ರಶ್ನೆ ಇತ್ತು. ಅದನ್ನು ಹೊರಗಿನವನು ಕೇಳಿದ್ದರೆ ನಿಂದೆ ಆಗುತ್ತಿತ್ತು. ಮಗನೇ ಕೇಳಿದ. ಕೇಳಿದ ಮೇಲೆ ಗಂಡಹೆಂಡತಿ ಒಂದಾದರು ಎಂದು ಕವಿ ಕೈಹಿಡಿದು ನಡೆಸಿದ. ಮೂಲದಲ್ಲಿ ಇದಿಲ್ಲ ಎಂದು ಯಾರೂ ಪುಸ್ತಕ ಮುಚ್ಚಲಿಲ್ಲ. ಆವನಿಯವರಂತೂ ಬೆಟ್ಟವನ್ನೇ ಆ ಕತೆಗೆ ಬರೆದುಕೊಟ್ಟರು.

ಅಭಿಮಾನಿಗೆ ಬದಲಾವಣೆ ಬೇಡ ಎಂಬ ಮಾತು ಆದ್ದರಿಂದ ನಿಜವಲ್ಲ. ತಾನು ಪ್ರೀತಿಸುವ ವೀರನನ್ನು ತನ್ನ ಪರವಾಗಿ ಕೇಳುವ ಕತೆಗಾರನಿಗಾಗಿ ಅವನು ಕಾಯುತ್ತಿರುತ್ತಾನೆ. ಆವನಿಗೆ ಹತ್ತಿರದ ಮುಳಬಾಗಿಲಿನಲ್ಲೇ 1887ರಲ್ಲಿ ಹುಟ್ಟಿದ ಡಿ.ವಿ.ಜಿ. ‘ಶ್ರೀರಾಮ ಪರೀಕ್ಷಣಂ’ ಬರೆದರು. ಕತೆಯ ಪಾತ್ರಗಳೇ ರಾಮನನ್ನು ಪರೀಕ್ಷೆಗೆ ನಿಲ್ಲಿಸುವ ಕೃತಿ ಅದು. ರಾಮನ ಮೇಲಿನ ಭಕ್ತಿ ಅದರಲ್ಲಿ ಎಲ್ಲೂ ಕಡಿಮೆಯಿಲ್ಲ, ಪ್ರಶ್ನೆಯ ಮೊನೆಯೂ ಮೊಂಡಾಗಿಲ್ಲ. ಅದೇ ಜಿಲ್ಲೆಯ ಮಾಸ್ತಿ ‘ಆದಿಕವಿ ವಾಲ್ಮೀಕಿ’ ಎಂಬ ವಿಮರ್ಶೆಯನ್ನೂ ‘ಶ್ರೀರಾಮ ಪಟ್ಟಾಭಿಷೇಕ’ ಎಂಬ ಕಾವ್ಯವನ್ನೂ ಬರೆದರು.

ಆದರೆ ಆಂಧ್ರದ ಗಡಿಯ ಈ ಜನರಿಗೆ ಲವಕುಶರು ಹೆಚ್ಚಾಗಿ ಸಿಕ್ಕಿದ್ದು ತೆಲುಗು ಸಿನಿಮಾದಲ್ಲಿ. ಮನೆಯಲ್ಲಿ ಎರಡು ಭಾಷೆ ಬೆರೆಸಿ ಮಾತಾಡುವ ಸೀಮೆ ಇದು. 1934ರಲ್ಲಿ ಸಿ. ಪುಲ್ಲಯ್ಯ ‘ಲವಕುಶ’ ತೆಗೆದರು. ಅದನ್ನೇ ಬಣ್ಣದಲ್ಲಿ ತೆಗೆಯಲು ಮತ್ತೆ ಕೂತಾಗ ಹಣ ಸಾಲದೆ ಕೆಲಸ ನಿಂತಿತು. ಮತ್ತೆ ಶುರುವಾಗುವ ಹೊತ್ತಿಗೆ ಪುಲ್ಲಯ್ಯನವರಿಗೆ ಆರೋಗ್ಯ ಕೈಕೊಟ್ಟಿತ್ತು, ಮಗ ಸಿ.ಎಸ್. ರಾವ್ ಮುಗಿಸಿದರು. ಅಪ್ಪಮಕ್ಕಳ ಕತೆಯನ್ನು ಅಪ್ಪ ಬಿಟ್ಟಲ್ಲಿಂದ ಮಗ ಎತ್ತಿಕೊಂಡದ್ದು ಎಷ್ಟು ಮಂದಿಗೆ ಗೊತ್ತಿತ್ತೋ. 1963ರಲ್ಲಿ ಎನ್.ಟಿ. ರಾಮರಾವ್, ಅಂಜಲಿ ದೇವಿ ತೆರೆಗೆ ಬಂದ ಮೇಲೆ ರಾಮ ಸೀತೆ ಎಂದರೆ ಆ ಎರಡು ಮುಖಗಳೇ ಆದವು. ಹುಡುಗರಿಬ್ಬರಿಗೆ ಪಿ. ಲೀಲಾ, ಪಿ. ಸುಶೀಲಾ ಕೊಟ್ಟ ದನಿ ಈ ಕಡೆಯ ಕಿವಿಗಳಿಂದ ಇನ್ನೂ ಹೋಗಿಲ್ಲ. 2011ರಲ್ಲಿ ಬಾಪು ಅದೇ ಕತೆಯನ್ನು ‘ಶ್ರೀರಾಮರಾಜ್ಯಂ’ ಎಂದು ತೆಗೆದಾಗ ರಾಮನ ಪಾತ್ರಕ್ಕೆ ಎನ್.ಟಿ.ಆರ್. ಮಗ ಬಾಲಕೃಷ್ಣ ಬಂದರು, ಸಂಗೀತಕ್ಕೆ ಘಂಟಸಾಲರ ಜಾಗದಲ್ಲಿ ಇಳಯರಾಜ ಬಂದರು. ನಯನತಾರಾ ಸೀತೆಯಾಗಬಾರದೆಂಬ ಆಕ್ಷೇಪ ಎದ್ದಿತ್ತು. ಆಕೆಯ ಸ್ವಂತ ಬದುಕನ್ನು ಕೆದಕಿದ ಆ ಆಕ್ಷೇಪದಲ್ಲಿ ಕತೆಯ ಮೇಲಿನ ಪ್ರೀತಿ ಕಾಣಲಿಲ್ಲ. ಸೀತೆಯ ಮೇಲೆ ಅಗಸನೊಬ್ಬ ಆಡಿದ ಮಾತಿನ ಜಾತಿಯದೇ ಅದು. ಆ ಪಾತ್ರಕ್ಕೆ ನಂದಿ ಪ್ರಶಸ್ತಿ ಬಂತು. ನೋಡಿದವರು ಕಣ್ಣೊರೆಸಿಕೊಂಡೇ ಹೊರಬಂದರು.

2023ರ ಜೂನ್‌ನಲ್ಲಿ ‘ಆದಿಪುರುಷ್’ ಬಂದಾಗಿನ ಸಿಟ್ಟು ಬೇರೆ ಜಾತಿಯದು. ಹಾಲಿವುಡ್ ಸೂಪರ್‌ಹೀರೋ ಮಾದರಿಯ ಆ ಚಿತ್ರದಲ್ಲಿ ಹನುಮಂತ ಬೀದಿಜಗಳದ ಭಾಷೆ ಆಡಿದ. ಕೆಲವೇ ದಿನಗಳಲ್ಲಿ ತಂಡ ಸಂಭಾಷಣೆ ಬದಲಿಸಬೇಕಾಯಿತು. ವಾಲ್ಮೀಕಿಯ ಹನುಮಂತ ಮೊದಲ ಭೇಟಿಯಲ್ಲೇ ಮಾತಿನಿಂದ ರಾಮನನ್ನು ಮೆಚ್ಚಿಸಿದವನು. ವೇದ, ವ್ಯಾಕರಣ ಓದದವನು ಹೀಗೆ ಮಾತಾಡಲಾರ ಎಂದು ರಾಮ ಲಕ್ಷ್ಮಣನಿಗೆ ಹೇಳುತ್ತಾನೆ. ಹನುಮಂತನ ಗುಣವೇ ಅವನ ನಾಲಗೆ. ವೇಷ, ಬಣ್ಣ, ರಾವಣನ ತಲೆಗಳ ಜೋಡಣೆ ಹೇಗಿದ್ದರೂ ಜನ ಸಹಿಸಿಕೊಳ್ಳುತ್ತಿದ್ದರೇನೋ. ಗುಣಕ್ಕೆ ಕೈ ಹಾಕಿದ್ದನ್ನು ಸಹಿಸಲಿಲ್ಲ, ಸಹಿಸಬೇಕಾಗಿಯೂ ಇರಲಿಲ್ಲ.

ನೋಡುಗರು ತಾವಾಗಿಯೇ ಹೊಸ ಕಂತು ಕೇಳಿ ಪಡೆದ ಸಂದರ್ಭವೂ ಇದೆ. ದೂರದರ್ಶನದ ‘ರಾಮಾಯಣ’ 1988ರ ಜುಲೈನಲ್ಲಿ ಪಟ್ಟಾಭಿಷೇಕದ ತನಕ ಬಂದು ನಿಂತಿತು. ಪಂಜಾಬಿನ ಜಲಂಧರದಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ವಾಲ್ಮೀಕಿಯನ್ನು ತಮ್ಮ ಕುಲಗುರು ಎಂದು ನಂಬಿದ ಸಮುದಾಯ ಅವರದು. ವಾಲ್ಮೀಕಿಯ ಆಶ್ರಮ, ಸೀತೆ, ಲವಕುಶರು ಇಲ್ಲದೆ ಕತೆ ಮುಗಿಯಿತೆಂದು ಹೇಗೆ ಹೇಳುತ್ತೀರಿ ಎಂಬುದು ಅವರ ಪ್ರಶ್ನೆ. ಮುಷ್ಕರ ಬೇರೆ ಊರುಗಳಿಗೂ ಹಬ್ಬಿತು, ಸರ್ಕಾರ ಮಣಿಯಿತು, ಉತ್ತರ ಭಾಗ ತೆರೆಗೆ ಬಂತು. ಕಾಮಿಕ್ಸ್ ಪ್ರಕಾಶಕರಿಗೆ ಪತ್ರ ಬರೆಯುವ ಅಭಿಮಾನಿಗಳೂ ಈ ಪೌರಕಾರ್ಮಿಕರೂ ಕೇಳುವುದು ಒಂದೇ: ನಮ್ಮನ್ನು ಬಿಟ್ಟು ಈ ಕತೆ ಮುಂದೆ ಹೋಗಬಾರದು.

ಕಾರ್ಕಳದ ಅನಂತ ಪೈ ಹೆಸರಿನ ಜೊತೆ ಬೆಳೆದ ‘ಅಮರ ಚಿತ್ರ ಕಥಾ’ ಮಾಲೆಯ ಮೊದಲ ಸಂಚಿಕೆಗಳು 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲೇ ಬಂದವು. ಆ ನೆಲದಲ್ಲಿ ಆವನಿಯ ಲವಕುಶರಿಗೆ ಒಂದು ಚಿತ್ರಕಥೆ ಇರಬೇಕೆಂಬುದು ನನ್ನ ಆಸೆ. ಕೋಲಾರದ ಹುಡುಗ ಹುಡುಗಿಯರೇ ಬರೆದು ಬಿಡಿಸಲಿ. ಹಿಮಾಲಯದ ದೇವದಾರು ಬೇಡ. ಆವನಿಯ ಗುಂಡುಬಂಡೆ, ಕಾರೆಗಿಡ, ಬತ್ತಿದ ಕೆರೆಯಂಗಳ ಬರಲಿ. ಮುನಿಪುತ್ರರ ಬಾಯಲ್ಲಿ ನಡುನಡುವೆ ತೆಲುಗು ನುಸುಳಲಿ. ಸೀತೆ ಯಾವಾಗಲೂ ಅಳುತ್ತಲೇ ಇರಬೇಕಿಲ್ಲ, ನೀರು ಹೊರುವ, ಮಕ್ಕಳನ್ನು ಗದರುವ ತಾಯಿಯಾಗಿರಲಿ. ಹುಡುಗರಿಗೆ ಹನ್ನೆರಡು ದಾಟಿರಬಾರದು, ತೋಳುಗಳು ಸಣ್ಣಗಿರಲಿ, ಬಿಲ್ಲು ಅವರಿಗಿಂತ ಎತ್ತರ ಇರಲಿ. ರಾಮ ಬಂದು ನಿಂತ ಪುಟದಲ್ಲಿ ಅವನಿಗೆ ಒಂದು ಇಡೀ ಪುಟದ ಮಾತು ಕೊಡಿ, ಕೇಳಿಕೆಯ ಹಿರಿಯರು ಕೇಳುವುದು ಅದನ್ನೇ. ಪುಸ್ತಕ ಬಂದ ಮೇಲೆ ಸೀತೆಯ ಮುಖ ಸರಿಯಿಲ್ಲ, ಕುದುರೆಯ ಬಣ್ಣ ತಪ್ಪು ಎಂದು ಮುಳಬಾಗಿಲಿನ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನ ಜಗಳವಾಡಲಿ, ಎರಡನೆಯ ಮುದ್ರಣದಲ್ಲಿ ತಿದ್ದಿಕೊಳ್ಳೋಣ.